ಎಲ್ಲರ ಹಾಡಿಗೆ ಯಾರ ಹಕ್ಕು?

ಯಕ್ಷಗಾನ ಯಾರದ್ದು ಎಂದು ಕೇಳಿದರೆ ನಮ್ಮ ಕಡೆ ನಗುತ್ತಾರೆ. ಆದರೆ ಇದೇ ಪ್ರಶ್ನೆಯ ಒಂದು ರೂಪ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. 2009ರ ಜನವರಿಯಲ್ಲಿ ತೀರ್ಪು ಬಂತು. ಪ್ರಕರಣದ ಮೂಲದಲ್ಲಿದ್ದವರು ತೆಕ್ಕಟ್ಟೆಯ ಪಕ್ಕದ ಕೋಟದವರು, ಶಿವರಾಮ ಕಾರಂತರು.

ಕಾರಂತರು 'ಭೀಷ್ಮ ವಿಜಯ', 'ಪಂಚವಟಿ' ಮುಂತಾದ ಏಳು ಪ್ರಸಂಗಗಳನ್ನು ರಾಗ, ತಾಳ, ವೇಷಭೂಷಣಗಳನ್ನೆಲ್ಲ ಬದಲಿಸಿ ಯಕ್ಷರಂಗ ಎಂಬ ನೃತ್ಯರೂಪಕ್ಕೆ ತಂದಿದ್ದರು. 1994ರ ಉಯಿಲಿನಲ್ಲಿ ತಮ್ಮ ಸಾಹಿತ್ಯ ಕೃತಿಗಳ ಹಕ್ಕನ್ನು ಮಾಲಿನಿ ಮಲ್ಯ ಅವರಿಗೆ ಬರೆದರು. 1997ರಲ್ಲಿ ತೀರಿಕೊಂಡರು. 2001ರಲ್ಲಿ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ದೆಹಲಿಯಲ್ಲಿ ಅದರಲ್ಲೊಂದನ್ನು ಅನುಮತಿಯಿಲ್ಲದೆ ಆಡಿಸಿತೆಂದು ದಾವೆ ಹೂಡಲಾಯಿತು. ಕುಣಿತ 'ಸಾಹಿತ್ಯ ಕೃತಿ' ಹೌದೋ ಅಲ್ಲವೋ? ಅಲ್ಲ, ಅದು ನಾಟಕೀಯ ಕೃತಿ ಎಂದಿತು ನ್ಯಾಯಾಲಯ. ಆದರೂ ಹಕ್ಕು ಮಾಲಿನಿಯವರದ್ದೇ ಆಯಿತು. ಉಳಿದದ್ದೆಲ್ಲ ಅವರಿಗೇ ಎಂಬ ಇನ್ನೊಂದು ಮಾತು ಉಯಿಲಿನಲ್ಲಿತ್ತು. ಶಿಕ್ಷಣ ಸಂಸ್ಥೆಗಳಿಗೆ ಕಾನೂನು ಕೊಡುವ ವಿನಾಯಿತಿ ಅಕಾಡೆಮಿಗೂ ಉಂಟು ಎಂದೂ ಕೋರ್ಟು ಹೇಳಿತು. ಪುತ್ತೂರಿನಲ್ಲಿ ಸ್ವಂತ ಮುದ್ರಣಾಲಯ ಇಟ್ಟು ತಮ್ಮ ಪುಸ್ತಕ ತಾವೇ ಅಚ್ಚು ಹಾಕಿದ್ದ ಮನುಷ್ಯನ ಉಯಿಲಿಗೇ ಈ ಗತಿ!

ಯಕ್ಷಗಾನ ಪರಂಪರೆಯದ್ದು, ಕಾರಂತರು ಸೇರಿಸಿದ್ದು ಕಾರಂತರದ್ದು. ಕಾನೂನಿಗೆ ಈ ಗೆರೆ ಸಾಕು. ನನಗೆ ಸಾಲುತ್ತಿಲ್ಲ.

ತೆಕ್ಕಟ್ಟೆಯ ಗೆಳತಿಯೊಬ್ಬಳು ನಟ್ಟಿಯ ಹಾಡುಗಳನ್ನು ಸಂಗ್ರಹಿಸಿದ್ದಾಳೆ. ತಾನೇ ಅಚ್ಚು ಹಾಕಿಸಿ ಆನ್‌ಲೈನ್‌ನಲ್ಲಿ ಮಾರುತ್ತಾಳಂತೆ. ಪಿಎಚ್‌ಡಿ ಮಾಡುವವರಿಗೆ ಎಲ್ಲ ಗೊತ್ತಿರುತ್ತದೆ ಎಂಬ ನಂಬಿಕೆ ಇನ್ನೂ ಊರಲ್ಲಿದೆ, ಹಾಗಾಗಿ ನನ್ನನ್ನು ಕೇಳಿದಳು. ಸುಲಭದ್ದನ್ನು ಮೊದಲು ಹೇಳಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಬರೆದ ಕೂಡಲೇ ಹಕ್ಕು ಹುಟ್ಟುತ್ತದೆ, ನೋಂದಣಿ ಕಡ್ಡಾಯವಲ್ಲ. ಲೇಖಕ ತೀರಿಕೊಂಡ ಮೇಲೂ 60 ವರ್ಷ ಉಳಿಯುತ್ತದೆ. ಐಎಸ್‌ಬಿಎನ್ ಸರಕಾರದಿಂದ ಉಚಿತವಾಗಿ ಸಿಗುತ್ತದೆ, ಆದರೆ ಅದು ಬರೀ ಸಂಖ್ಯೆ, ಹಕ್ಕುಪತ್ರವಲ್ಲ. 1954ರ ಕಾಯ್ದೆಯ ಪ್ರಕಾರ, ಪ್ರಕಟವಾದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಒಂದು ಪ್ರತಿ ಪ್ರಕಾಶಕರ ಖರ್ಚಿನಲ್ಲೇ ಹೋಗಬೇಕು. ಇನ್ನೂ ಮೂರು ಗ್ರಂಥಾಲಯಗಳಿಗೆ ಒಂದೊಂದು. ಮುಂದೆ ಯಾರಿಗಾದರೂ ಹಕ್ಕು ಬರೆದುಕೊಟ್ಟರೆ ಅವಧಿ ನಮೂದಿಸಬೇಕು, ಇಲ್ಲದಿದ್ದರೆ ಐದು ವರ್ಷವೆಂದು ಲೆಕ್ಕ.

"ಅದೆಲ್ಲ ಸರಿ ಮಾರಾಯ, ಹಾಡು ಯಾರದ್ದು?" ಎಂದಳು.

ಅಲ್ಲಿಗೆ ನನ್ನ ಪಾಂಡಿತ್ಯ ನಿಂತಿತು. ಯಾರು ಕಟ್ಟಿದರೆಂದೇ ತಿಳಿಯದಷ್ಟು ಹಳೆಯ ಹಾಡುಗಳನ್ನು ಯಾರೂ ಅಚ್ಚು ಹಾಕಬಹುದು. ಅವಳ ಮುನ್ನುಡಿ, ಟಿಪ್ಪಣಿ, ಆಯ್ಕೆ, ಜೋಡಣೆ ಮಾತ್ರ ಅವಳದ್ದು. ಅಂದರೆ ಐವತ್ತು ವರ್ಷ ಆ ಹಾಡುಗಳನ್ನು ನಾಲಿಗೆಯಲ್ಲಿ ಕಾಪಾಡಿದ ಹೆಂಗಸಿಗೆ ಪುಸ್ತಕದಲ್ಲಿ ಯಾವ ಹಕ್ಕೂ ಇಲ್ಲ. ಆರು ತಿಂಗಳು ಬರೆದುಕೊಂಡವಳಿಗೆ ಉಂಟು. ವಿಚಿತ್ರವೆಂದರೆ, ಅದೇ ಹೆಂಗಸಿನ ಧ್ವನಿಯನ್ನು ಕ್ಯೂಆರ್ ಕೋಡ್ ಹಾಕಿ ಪುಸ್ತಕದ ಜೊತೆ ಮಾರಿದರೆ ಕಾನೂನು ಎಚ್ಚರಗೊಳ್ಳುತ್ತದೆ. ಹಾಡಿದವರಿಗೆ ಪ್ರದರ್ಶಕರ ಹಕ್ಕು 50 ವರ್ಷ ಇದೆ, ಅವರ ಒಪ್ಪಿಗೆ ಬೇಕೇ ಬೇಕು. ಕಂಠಕ್ಕೆ ಬೆಲೆ, ನೆನಪಿಗೆ ಇಲ್ಲ.

'ಇದ್ ನಂದಲ್ಲ ಮಗಾ, ನಮ್ಮಬ್ಬಿ ಹೇಳ್ತಿದ್ದದ್' ಎನ್ನುತ್ತಾರಂತೆ ಆ ಹಿರಿಯರು. ಈ ಮಾತನ್ನು ಹಕ್ಕು ಬಿಟ್ಟುಕೊಟ್ಟಂತೆ ಓದುವುದು ನಮಗೆ ಅನುಕೂಲ. ನನಗೆ ಕೇಳಿಸುವುದು ಬೇರೆ: ನನ್ನದಲ್ಲ, ಹಾಗಾಗಿ ನಿನಗೆ ಕೊಟ್ಟುಬಿಡಲೂ ಆಗದು. ತಾನು ಪಡೆದದ್ದು ಯಾರಿಂದ ಎಂದು ಆಕೆ ಹೆಸರು ಹಿಡಿದು ಹೇಳುತ್ತಾಳೆ. ನಮ್ಮ ಪುಸ್ತಕಗಳೋ 'ಜನಪದ' ಎಂದು ಬರೆದು ಆ ಹೆಸರನ್ನು ಅಳಿಸುತ್ತವೆ. ಹಕ್ಕು ಮಾರಿಕೊಂಡ ಲೇಖಕನಿಗೂ ತನ್ನ ಹೆಸರು ಉಳಿಸಿಕೊಳ್ಳುವ ವಿಶೇಷ ಹಕ್ಕು ಕೊಟ್ಟಿರುವ ಕಾಯ್ದೆ ಇದು. ಹಾಡುವವಳಿಗೆ ಅಷ್ಟನ್ನಾದರೂ ನಾವೇ ಕೊಡಬೇಕು ಎಂಬುದು ನನ್ನ ಪಟ್ಟು. ಪ್ರತಿ ಹಾಡಿನ ಕೆಳಗೆ ಹೇಳಿದವರ ಹೆಸರು, ಅವರು ಒಪ್ಪಿದರೆ ಅವರ ಅಬ್ಬಿಯದ್ದೂ.

ದುಡ್ಡಿನ ವಿಷಯ ಇನ್ನೂ ಕಷ್ಟ. ಆರು ಮಂದಿಗೂ ಒಂದೊಂದು ಗೌರವ ಪ್ರತಿ ಎಂದುಕೊಂಡಿದ್ದಳು. ಅವರಲ್ಲಿ ನಾಲ್ವರಿಗೆ ಓದಲು ಬರುವುದಿಲ್ಲ. ಅಚ್ಚಿನ ಖರ್ಚು ಕಳೆದು ಉಳಿದದ್ದನ್ನು ಏಳು ಪಾಲು ಮಾಡುವುದೆಂದು ಈಗಲೇ ಬರೆದಿಡು ಎಂದೆ.

"ಏನೂ ಉಳಿಯದಿದ್ದರೆ?"

"ಅದನ್ನೂ ಅವರಿಗೆ ಮೊದಲೇ ಹೇಳು."