ಪೂಜಾರಿ ಕೊಡದ ವರ

ದೇವರು ವರ ಕೊಟ್ಟರೂ ಪೂಜಾರಿ ಕೊಡ. ಪಹಣಿ ತಿದ್ದುಪಡಿಗೆಂದು ತಾಲ್ಲೂಕು ಕಚೇರಿಗೆ ಅಲೆದವರಿಗೆ ಈ ಗಾದೆಯನ್ನು ಬಿಡಿಸಿ ಹೇಳಬೇಕಿಲ್ಲ. ಪ್ರಜಾಪ್ರಭುತ್ವದಲ್ಲಿ ವರ ಕೊಟ್ಟ ದೇವರು ಸಂವಿಧಾನ, ಬಾಗಿಲಲ್ಲಿ ನಿಂತ ಪೂಜಾರಿ ಸರ್ಕಾರ ಎಂದು ಓದಿಕೊಂಡರೆ ನ್ಯಾಯಾಧೀಶರ ಜಾಗ ಯಾವುದೆಂದು ಗೊತ್ತಾಗುತ್ತದೆ. ಹೊಸ ವರ ಕೊಡುವುದು ಅವರ ಕೆಲಸವಲ್ಲ. ‘ಯಾವ ಅಧಿಕಾರದಿಂದ ತಡೆದೆ?’ ಎಂದು ಪೂಜಾರಿಯನ್ನು ಕೇಳುವುದು ಅವರ ಕೆಲಸ.

ಹಾಗೆ ಕೇಳಿದವರಿಗೆ ಏನಾಯಿತು ಎಂಬುದನ್ನು ನಮ್ಮ ಅಠಾರಾ ಕಚೇರಿಯೇ, ಅಂದರೆ ಕರ್ನಾಟಕ ಹೈಕೋರ್ಟೇ ಕಂಡಿದೆ. 1975ರ ಜೂನ್‌ನಲ್ಲಿ ಸಂಸದೀಯ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ, ಶ್ಯಾಮನಂದನ ಮಿಶ್ರ ತುರ್ತು ಪರಿಸ್ಥಿತಿ ಘೋಷಣೆಯಾಗುತ್ತಲೇ ಇಲ್ಲೇ ಬಂಧಿತರಾಗಿ ಸೆಂಟ್ರಲ್ ಜೈಲು ಸೇರಿದರು. ಬಂಧನವನ್ನು ಪ್ರಶ್ನಿಸಿ ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿ ಹೋಯಿತು. ತುರ್ತು ಪರಿಸ್ಥಿತಿಯಲ್ಲಿ ಜೀವ, ಸ್ವಾತಂತ್ರ್ಯದ ಹಕ್ಕಿನ 21ನೇ ವಿಧಿಯ ಹೆಸರು ಹೇಳಿ ಕೋರ್ಟಿನ ಮೆಟ್ಟಿಲು ಹತ್ತುವ ಹಕ್ಕೇ ಅಮಾನತಾಗಿದೆ, ಅರ್ಜಿ ನಿಲ್ಲದು ಎಂಬುದು ಸರ್ಕಾರದ ವಾದ. ನ್ಯಾಯಮೂರ್ತಿಗಳಾದ ಡಿ.ಎಂ. ಚಂದ್ರಶೇಖರ್ ಮತ್ತು ಎಂ. ಸದಾನಂದಸ್ವಾಮಿ ಇದನ್ನು ಒಪ್ಪಲಿಲ್ಲ. ಅವರೇನೂ ಯಾರನ್ನೂ ಬಿಡುಗಡೆ ಮಾಡಿರಲಿಲ್ಲ. ಅರ್ಜಿ ವಿಚಾರಣೆಗೆ ಅರ್ಹ ಎಂದಿದ್ದರು, ಅಷ್ಟೇ. 1976ರಲ್ಲಿ ಚಂದ್ರಶೇಖರ್ ಅಲಹಾಬಾದಿಗೆ, ಸದಾನಂದಸ್ವಾಮಿ ಗುವಾಹಟಿಗೆ ಎತ್ತಂಗಡಿಯಾದರು. ಅರ್ಜಿದಾರರ ಪರ ನಿಂತಿದ್ದ ವಕೀಲ ರಾಮಾ ಜೋಯಿಸರೂ ಜೈಲು ಕಂಡರು.

ಇತರ ಹೈಕೋರ್ಟುಗಳಿಂದಲೂ ಇಂಥದೇ ತೀರ್ಪುಗಳು ಬಂದಾಗ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ವೈಯಕ್ತಿಕ ಹಗೆಯಿಂದ ಪೊಲೀಸನೊಬ್ಬ ಒಬ್ಬನನ್ನು ಕೊಂದರೆ ಏನು ಪರಿಹಾರ ಎಂದು ನ್ಯಾಯಮೂರ್ತಿ ಎಚ್.ಆರ್. ಖನ್ನಾ ಕೇಳಿದರು. ತುರ್ತು ಪರಿಸ್ಥಿತಿ ಇರುವವರೆಗೆ ಕೋರ್ಟಿನಲ್ಲಿ ಪರಿಹಾರವಿಲ್ಲ ಎಂದು ಅಟಾರ್ನಿ ಜನರಲ್ ನಿರೇನ್ ಡೇ ಉತ್ತರಿಸಿದರು. ಇಷ್ಟು ಕೇಳಿಯೂ 1976ರ ಏಪ್ರಿಲ್ 28ರಂದು ಐವರಲ್ಲಿ ನಾಲ್ವರು ಸರ್ಕಾರದ ಕಡೆಗೇ ತೀರ್ಪು ಕೊಟ್ಟರು. ಪೂಜಾರಿಯನ್ನು ಪ್ರಶ್ನಿಸಬೇಕಾದವರೇ ಬಾಗಿಲಿಗೆ ಅಗಳಿ ಹಾಕಿದರು.

ಖನ್ನಾ ಒಬ್ಬರೇ ಭಿನ್ನಮತ ಬರೆದರು. ಅದನ್ನು ಓದಿದರೆ ಗಾದೆಯಲ್ಲೇ ಒಂದು ಹುಳುಕಿದೆ ಅನಿಸುತ್ತದೆ. ಬದುಕುವ ಹಕ್ಕನ್ನು ಗಾದೆ ‘ವರ’ದ ಸಾಲಿಗೆ ಸೇರಿಸಿಬಿಡುತ್ತದೆ. ಕೊಟ್ಟದ್ದನ್ನು ಹಿಂದಕ್ಕೂ ಪಡೆಯಬಹುದಲ್ಲ! ನಾಲ್ವರ ತರ್ಕ ನಿಂತದ್ದೂ ಇಲ್ಲೇ: ಹಕ್ಕಿಗೆ 21ನೇ ವಿಧಿಯೊಂದೇ ನೆಲೆ, ಅದು ಅಮಾನತಾದರೆ ಕೇಳಲು ಏನೂ ಉಳಿಯದು. ಖನ್ನಾ ಹೇಳಿದ್ದು ಬೇರೆ. ಕಾನೂನಿನ ಆಧಾರವಿಲ್ಲದೆ ಯಾರ ಪ್ರಾಣವನ್ನೂ ಸ್ವಾತಂತ್ರ್ಯವನ್ನೂ ಪ್ರಭುತ್ವ ಕಸಿಯಬಾರದೆಂಬ ತತ್ವ ಸಂವಿಧಾನಕ್ಕಿಂತ ಮೊದಲೇ ಇತ್ತು, ಅದು ಸಂವಿಧಾನದ ಕೊಡುಗೆಯಲ್ಲ. ಇದಕ್ಕೆ ಅವರು ತೆತ್ತ ಬೆಲೆ ಮುಖ್ಯ ನ್ಯಾಯಮೂರ್ತಿಯ ಪೀಠ. 1977ರ ಜನವರಿಯಲ್ಲಿ ಅವರ ಸೇವಾ ಹಿರಿತನವನ್ನು ಕಡೆಗಣಿಸಿ ಎಂ.ಎಚ್. ಬೇಗ್ ಅವರನ್ನು ನೇಮಿಸಲಾಯಿತು. ಖನ್ನಾ ರಾಜೀನಾಮೆ ಕೊಟ್ಟು ಹೊರನಡೆದರು. ಅದಕ್ಕೂ ಮೂರೂಮುಕ್ಕಾಲು ವರ್ಷ ಮೊದಲು ಸುಪ್ರೀಂ ಕೋರ್ಟಿನಲ್ಲಿದ್ದ ನಮ್ಮ ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆ ಅವರಿಗೂ ಇದೇ ಆಗಿತ್ತು.

ಕೋರ್ಟು ಪೂಜಾರಿಯನ್ನು ಪ್ರಶ್ನಿಸದೆ ಸುಮ್ಮನಾಗುವುದಕ್ಕೆ ತಿರುವುಮುರುವಾದ ಕಾಯಿಲೆಯೂ ಈಗ ಇದೆ. ಬೆಂಗಳೂರಿನ ರಸ್ತೆ ಗುಂಡಿ ಮುಚ್ಚಿಸಲಿಕ್ಕೂ ಹೈಕೋರ್ಟೇ ಬೇಕು. ಆದೇಶ ಬಂದರೆ ಚಪ್ಪಾಳೆ. ಓಟು ಹಾಕಿಸಿಕೊಂಡವರು ಆರಾಮಾಗಿರುತ್ತಾರೆ. ನ್ಯಾಯಾಧೀಶರನ್ನು ದೇವರ ಪೀಠಕ್ಕೆ ಏರಿಸುವುದು ಅವರಿಗೂ ಒಳ್ಳೆಯದಲ್ಲ.

ಮತ್ತೆ ಆ ತೀರ್ಪಿಗೆ ಬಂದರೆ, ಸಂವಿಧಾನದ 1978ರ 44ನೇ ತಿದ್ದುಪಡಿಯ ನಂತರ ಯಾವ ತುರ್ತು ಪರಿಸ್ಥಿತಿಯಲ್ಲೂ 20 ಮತ್ತು 21ನೇ ವಿಧಿಗಳನ್ನು ಅಮಾನತಿಡುವಂತಿಲ್ಲ. ನಾಲ್ವರ ತೀರ್ಪನ್ನು ಸುಪ್ರೀಂ ಕೋರ್ಟ್ ರದ್ದುಗೊಳಿಸಿದ್ದು ಮಾತ್ರ 2017ರ ಆಗಸ್ಟ್ 24ರಂದು, ಒಂಬತ್ತು ನ್ಯಾಯಮೂರ್ತಿಗಳ ಪೀಠದಲ್ಲಿ. ಖಾಸಗಿತನದ ಹಕ್ಕಿನ ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.