ಸ್ವಿಚ್ ಒತ್ತಿದ್ದು ಯಾರು?

1950ರ ದಶಕದ ಆರಂಭ. ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಸಮ್ಮೇಳನವೊಂದಕ್ಕೆ ಬಂದು ನ್ಯೂಯಾರ್ಕಿನ ಯಹೂದಿ ಧರ್ಮಶಾಸ್ತ್ರ ಸೆಮಿನರಿಯಲ್ಲಿ ತಂಗಿದ್ದರು. ರಬ್ಬಿಗಳಾಗಲು, ಅಂದರೆ ಧರ್ಮಗುರುಗಳಾಗಲು, ಓದುತ್ತಿದ್ದ ಕೆಲವು ಹುಡುಗರು ಅವರನ್ನು ಕೇಳಿದರು: ವಿದ್ಯುತ್ ಬೆಂಕಿಯೇ? ಬೆಂಕಿ ರಾಸಾಯನಿಕ ಕ್ರಿಯೆ, ವಿದ್ಯುತ್ ಹಾಗಲ್ಲ ಎಂದರು ಫೈನ್‌ಮನ್. ಹುಡುಗರಿಗೆ ವಿಜ್ಞಾನದ ರುಚಿ ಹತ್ತಿತೆಂದು ಹಿಗ್ಗಿದ ಅವರಿಗೆ, ಹುಡುಗರಿಗೆ ಬೇಕಾಗಿದ್ದದ್ದು ಯಹೂದಿ ಧರ್ಮಗ್ರಂಥ ತಾಲ್ಮುದ್ದಿನ ಸಿಕ್ಕು ಬಿಡಿಸುವ ಒಂದು ಎಳೆ ಮಾತ್ರ ಎಂದು ತಿಳಿದಾಗ ನಿರಾಸೆಯಾಯಿತು. ಆದರೆ ಹುಡುಗರ ಪ್ರಶ್ನೆ ಪೆದ್ದುತನದ್ದಾಗಿರಲಿಲ್ಲ.

ಶುಕ್ರವಾರದ ಸೂರ್ಯಾಸ್ತದಿಂದ ಶನಿವಾರ ರಾತ್ರಿ ನಕ್ಷತ್ರ ಮೂಡುವವರೆಗೆ ಸಬ್ಬತ್, ಯಹೂದಿಗಳ ವಿಶ್ರಾಂತಿಯ ದಿನ. ಅಂದು ಮನೆಯಲ್ಲಿ ಬೆಂಕಿ ಹೊತ್ತಿಸಬಾರದೆಂದು ಬೈಬಲಿನ ವಿಮೋಚನಕಾಂಡ ವಿಧಿಸುತ್ತದೆ. ಯಹೂದಿ ಕಾನೂನಿನ ಪ್ರಾಚೀನ ಸಂಗ್ರಹವಾದ ಮಿಷ್ನಾ ನಿಷಿದ್ಧ ಕೆಲಸಗಳನ್ನು 39 ಎಂದು ಎಣಿಸುತ್ತದೆ. ಹೊತ್ತಿಸುವುದು ತಪ್ಪು, ಮೊದಲೇ ಹೊತ್ತಿಸಿಟ್ಟದ್ದು ಉರಿಯುತ್ತಿದ್ದರೆ ತಪ್ಪಿಲ್ಲ. ಆದ್ದರಿಂದಲೇ ಸಂಪ್ರದಾಯಸ್ಥರ ಮನೆಗಳಲ್ಲಿ ಟೈಮರ್‌ಗಳಿವೆ, ಶುಕ್ರವಾರವೇ ಹಚ್ಚಿಟ್ಟ ವಿದ್ಯುತ್ ತಟ್ಟೆಯ ಮೇಲೆ ಊಟ ಬಿಸಿಯಾಗಿರುತ್ತದೆ. ನಮ್ಮ ಗರ್ಭಗುಡಿಗಳಲ್ಲಿ ನಂದಾದೀಪದ ಜಾಗಕ್ಕೆ ಬಲ್ಬು ಬೇಡವೆನ್ನುವವರ ಚಿಂತೆ ಜ್ವಾಲೆಯ ಪಾವಿತ್ರ್ಯದ್ದು. ಇಲ್ಲಿನ ಚಿಂತೆ ಹೊತ್ತಿಸುವ ಕೈಯದು.

ಹಳೆಯ ಬಲ್ಬಿನ ಮಟ್ಟಿಗೆ ಉತ್ತರ ಸುಲಭವಿತ್ತು. ಹದಮಾಡಲು ಕಬ್ಬಿಣ ಕಾಯಿಸುವುದೂ ಬೆಂಕಿ ಹೊತ್ತಿಸುವುದರ ಒಂದು ಬಗೆ ಎಂದು 12ನೇ ಶತಮಾನದ ಯಹೂದಿ ಪಂಡಿತ ಮೈಮೊನಿಡಿಸ್ ಹೇಳಿದ್ದರು; ಬಲ್ಬಿನ ತಂತಿಯೂ ಕೆಂಪಗೆ ಕಾಯುವ ಲೋಹವೇ. ರೂಮ್ ಹೀಟರಿನ ಕಾಯ್ಲ್‌ಗೂ ಅದೇ ತೀರ್ಪು ಸಲ್ಲುತ್ತದೆ. ಆದರೆ ಎಲ್‌ಇಡಿಯಲ್ಲಿ ಕಾದು ಕೆಂಪಾಗುವ ತಂತಿಯೇ ಇಲ್ಲ. ಅರೆವಾಹಕದಲ್ಲಿ ಎಲೆಕ್ಟ್ರಾನುಗಳು ಕೆಳಮಟ್ಟದ ಶಕ್ತಿಗೆ ಇಳಿಯುವಾಗ ಬೆಳಕು ಹೊಮ್ಮುತ್ತದೆ, ಅಷ್ಟೆ. ಹಾಗಾದರೆ ನಿಷೇಧ ಯಾವುದರ ಮೇಲೆ ನಿಲ್ಲಬೇಕು?

ಇಸ್ರೇಲಿನ ಬ್ನೇಯ್ ಬ್ರಾಕ್‌ನ ಕರೆಲಿಟ್ಸ್, ಅಂದರೆ 'ಖಝೋನ್ ಈಶ್' ಎಂದೇ ಹೆಸರಾದ ಪಂಡಿತರು, ಸರ್ಕಿಟ್ ಮುಚ್ಚುವುದು ಆ 39ರಲ್ಲಿ ಒಂದಾದ 'ಕಟ್ಟುವ' ಕೆಲಸ ಎಂದರು: ಸತ್ತು ಬಿದ್ದಿದ್ದ ತಂತಿ ಜೀವ ಪಡೆದು ಉಪಕರಣ ಪೂರ್ಣಗೊಳ್ಳುತ್ತದೆ. ಜೆರುಸಲೇಮಿನ ಶ್ಲೋಮೋ ಝಲ್ಮನ್ ಔಯರ್‌ಬಾಖ್ ಇದನ್ನು ಒಪ್ಪಲಿಲ್ಲ. ಇಪ್ಪತ್ತೈದರ ಆಸುಪಾಸಿನಲ್ಲೇ, 1935ರಲ್ಲಿ, ವಿದ್ಯುತ್ತಿನ ಕುರಿತೇ ಒಂದು ಗ್ರಂಥ ಪ್ರಕಟಿಸಿದ್ದವರು ಅವರು. ಬಾಗಿಲು ತೆರೆದು ಮುಚ್ಚಿದಂತೆ ದಿನಕ್ಕೆ ನೂರು ಸಲ ಸ್ವಿಚ್ ಹಾಕಿ ಆರಿಸುವುದು 'ಕಟ್ಟುವ' ಕೆಲಸ ಹೇಗಾದೀತು? ಕಾಯುವಿಕೆ, ಬೆಳಕು ಇಲ್ಲದ ಕಡೆ ಬರಿಯ ವಿದ್ಯುತ್ತಿಗೆ ಗಟ್ಟಿ ನಿಷೇಧವೇ ಅವರಿಗೆ ಕಾಣಲಿಲ್ಲ. ಆದರೂ ಜನ ಒಪ್ಪಿ ನಡೆಸಿಕೊಂಡು ಬಂದ ರೂಢಿಯನ್ನು ಮುರಿಯಬೇಡಿ ಎಂದರು. ಕಾರಣ ಸಾಲದೆಂದು ಒಪ್ಪಿಕೊಂಡೇ ಆಚರಣೆಯನ್ನು ಉಳಿಸಿದ ಈ ಪ್ರಾಮಾಣಿಕತೆ ಇಡೀ ಚರ್ಚೆಯ ಅತ್ಯುತ್ತಮ ಘಟ್ಟ.

ಬಿಸಿನೀರಿನ ಜಗಳ ಇನ್ನೂ ಸೂಕ್ಷ್ಮ. ಇಸ್ರೇಲಿನ ಬಹುತೇಕ ಮನೆಗಳ ತಾರಸಿಯಲ್ಲಿ ಸೋಲಾರ್ ಹೀಟರ್ ಇದೆ. ನಲ್ಲಿ ತಿರುಗಿಸಿದರೆ ಬಿಸಿನೀರು ಹೊರಬಂದು ತಣ್ಣೀರು ಒಳಸೇರಿ ಕಾಯತೊಡಗುತ್ತದೆ. ಬೇಯಿಸುವುದೂ ನಿಷಿದ್ಧ ಕೆಲಸವೇ; ಅಂದರೆ ನಲ್ಲಿ ತಿರುಗಿಸಿದವರು 'ಬೇಯಿಸಿದ' ಹಾಗಾಯಿತೇ? ಕಾಯಿಸಿದ್ದು ಬಿಸಿಲು ಮಾತ್ರವಾದರೆ ಸರಿ ಎಂದು ರಬ್ಬಿ ಓವಾದಿಯಾ ಯೋಸೆಫ್ ಅನುಮತಿಸಿದರು. ಇತರ ಹಲವರು ಬೇಡವೆಂದರು. ವಿದ್ಯುತ್ ಕಾಯ್ಲ್ ಚಾಲೂ ಇದ್ದರಂತೂ ಮಾತೇ ಇಲ್ಲ.

ಇಂಥ ಸೂಕ್ಷ್ಮಗಳನ್ನೆಲ್ಲ ಕಾನೂನಿನ ಕಳ್ಳದಾರಿ ಎಂದು ನಗುವವರಿದ್ದಾರೆ. 2015ರಲ್ಲಿ 'ಕೋಶರ್ ಸ್ವಿಚ್' ಎಂಬ ಸಾಧನಕ್ಕಾಗಿ ಅದರ ತಯಾರಕರು ಜನರಿಂದ ಹಣ ಎತ್ತಿದಾಗ ಆ ನಗುವಿಗೆ ಆಧಾರ ಸಿಕ್ಕಿದ್ದೂ ನಿಜ: ಒತ್ತಿದ ಮೇಲೆ ದೀಪ ಯಾವಾಗ ಹತ್ತುವುದೋ ಯಂತ್ರದ ಆಕಸ್ಮಿಕಕ್ಕೆ ಬಿಟ್ಟದ್ದು, ಆದ್ದರಿಂದ ಹೊತ್ತಿಸಿದ್ದು ನೀವಲ್ಲ ಎಂಬ ವಾದ. ಹಲವು ಸಂಪ್ರದಾಯಸ್ಥ ರಬ್ಬಿಗಳೇ ಅದನ್ನು ತಿರಸ್ಕರಿಸಿದರು. ದೀಪ ಬೇಕೆಂದೇ ಬೆರಳು ಚಾಚಿದವರು ಹೊಣೆಯನ್ನು ಯಂತ್ರಕ್ಕೆ ದಾಟಿಸುವುದು ಜಾಣತನವಾದೀತೇ ಹೊರತು ವಿಶ್ರಾಂತಿ ಅಲ್ಲ.

ಈಗಿನ ಕಟ್ಟಡಗಳು ಬೆರಳನ್ನೂ ಕೇಳುವುದಿಲ್ಲ. ಹೋಟೆಲ್ ಕಾರಿಡಾರಿನಲ್ಲಿ ಕಾಲಿಟ್ಟರೆ ದೀಪ, ಕೋಣೆಗೆ ಹೊಕ್ಕರೆ ಹೀಟರ್. ಅಲ್ಲಿನ ಇನ್‌ಫ್ರಾರೆಡ್ ಸೆನ್ಸರ್ ಗುರುತಿಸುವುದು ಮನುಷ್ಯನ ಮೈಶಾಖವನ್ನೇ. ಏನನ್ನೂ ಮುಟ್ಟದೆ ಸುಮ್ಮನೆ ನಡೆದವರು ಬಯಸಿದರೋ ಇಲ್ಲವೋ, ದೀಪ ಹತ್ತೀತೆಂದು ಅವರಿಗೆ ಮೊದಲೇ ಗೊತ್ತಿತ್ತೋ ಇಲ್ಲವೋ ಎಂಬುದರ ಮೇಲೆ ರಬ್ಬಿಗಳು ಈಗ ವಾದಿಸುತ್ತಿದ್ದಾರೆ. ಪ್ರಯಾಣಕ್ಕೆ ಹೊರಟ ಕುಟುಂಬಗಳು ಮಾತ್ರ ತೀರ್ಪಿಗೆ ಕಾಯದೆ, ಶುಕ್ರವಾರ ಮಧ್ಯಾಹ್ನವೇ ಹೋಟೆಲ್ ಸ್ವಾಗತಕಾರರ ಬಳಿ ಹೋಗಿ ಸೆನ್ಸರ್ ಆರಿಸಿಕೊಡಿ ಎನ್ನುತ್ತವೆ.