ಹೆಸರಿನ ಲೆಕ್ಕ

ಸಂಜೆ ಐದಾದರೆ ನಮ್ಮ ಮನೆಯ ಪಡಸಾಲೆಗೆ ಏಳೆಂಟು ಮಕ್ಕಳು ಸಂಗೀತಕ್ಕೆ ಬರುತ್ತಾರೆ. ಸರಳೆ, ಜಂಟಿ ವರಸೆಗಳನ್ನು ಹಾಡಿ ಹಾಡಿ ಅವರು ಆಕಳಿಸತೊಡಗಿದಾಗ ನಾನು ಕಟಪಯಾದಿಯ ಡಬ್ಬಿ ತೆರೆಯುತ್ತೇನೆ. ಕ, ಟ, ಪ, ಯ ಈ ನಾಲ್ಕೂ ಅಕ್ಷರಗಳಿಂದ ಒಂದು, ಎರಡು, ಮೂರು ಎಂದು ಎಣಿಸುತ್ತ ಹೋಗಬೇಕು. ಮ ಐದು, ಯ ಒಂದು. ‘ಮಾಯಾಮಾಳವಗೌಳ’ದ ಮೊದಲ ಎರಡು ಅಕ್ಷರ ಐವತ್ತೊಂದು. ಅದನ್ನು ಹಿಂದುಮುಂದಾಗಿ ಓದಿದರೆ ಹದಿನೈದು. ಎಪ್ಪತ್ತೆರಡು ಮೇಳಕರ್ತರಾಗಗಳಲ್ಲಿ ಅದು ಹದಿನೈದನೆಯದು! ಮಕ್ಕಳ ಆಕಳಿಕೆ ನಿಂತುಬಿಡುತ್ತದೆ. ಮೂವತ್ತು ವರ್ಷಗಳಿಂದ ಹೇಳಿಕೊಡುತ್ತಿದ್ದರೂ ಆ ಕ್ಷಣದಲ್ಲಿ ನನಗೂ ಮೈ ಜುಮ್ಮೆನ್ನುತ್ತದೆ.

ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅಕ್ಷರದೊಳಗೆ ಅಂಕೆ ಹುಡುಕುವವರನ್ನು ಕಂಡು ನಗುವ ಹಕ್ಕು ನನಗಿಲ್ಲ. ನಾನೂ ಅದೇ ರುಚಿ ಹತ್ತಿದವಳು.

ನನ್ನ ತಂಗಿಯ ಹೆಸರು ವಸುಧಾ. ಮದುವೆಯಾಗಿ ಐದು ವರ್ಷಗಳಲ್ಲಿ ಎರಡು ಸಲ ಬಸಿರು ನಿಲ್ಲಲಿಲ್ಲ. ಎರಡೂ ಮೂರು ತಿಂಗಳು ತುಂಬುವುದರೊಳಗೆ ಹೋದವು. ಎರಡನೆಯ ಸಲ ಬಾಣಂತನದ ಹಾಗೆಯೇ ಆರೈಕೆ ಮಾಡೋಣವೆಂದು ಅಮ್ಮ ಮನೆಗೆ ಕರೆದುಕೊಂಡು ಬಂದರು. ಅವಳು ಬಂದದ್ದು ಒಂದು ಚೀಟಿ ಹಿಡಿದುಕೊಂಡು. ಅವಳ ಅತ್ತೆಯವರು ಯಾರೋ ಸಂಖ್ಯೆ ನೋಡುವವರ ಬಳಿ ಕರೆದೊಯ್ದಿದ್ದರಂತೆ. ಚೀಟಿಯಲ್ಲಿ ಅವಳ ಹೆಸರನ್ನು ಇಂಗ್ಲಿಷಿನಲ್ಲಿ ಬಿಡಿಸಿ ಬರೆದಿತ್ತು. ವಿ ಆರು, ಎ ಒಂದು, ಎಸ್ ಮೂರು, ಯು ಆರು, ಡಿ ನಾಲ್ಕು, ಎಚ್ ಐದು, ಕೊನೆಯ ಎ ಒಂದು. ಒಟ್ಟು 26. ಎರಡನ್ನೂ ಆರನ್ನೂ ಕೂಡಿದರೆ ಎಂಟು, ಅಂದರೆ ಶನಿಯ ಸಂಖ್ಯೆ. ಪರಿಹಾರವೂ ಅಲ್ಲೇ ಇತ್ತು: ಕೊನೆಯಲ್ಲಿ ಇನ್ನೊಂದು ಎ ಸೇರಿಸಿದರೆ 27, ಕೂಡಿದರೆ ಒಂಬತ್ತು, ಶುಭ.

“ಅಕ್ಕಾ, ದೋಷ ನನ್ನ ಹೆಸರಿನಲ್ಲಿತ್ತಂತೆ” ಎಂದಳು.

ನನಗೆ ಬಂದ ಸಿಟ್ಟು ಯಾರ ಮೇಲೆಂದು ಈಗಲೂ ಸರಿಯಾಗಿ ಗೊತ್ತಿಲ್ಲ. ಆ ಹೆಸರಿಟ್ಟವರು ನಮ್ಮಜ್ಜಿ. ಇಂಗ್ಲಿಷಿನ ಒಂದಕ್ಷರವೂ ಬಾರದವರು. ತೊಟ್ಟಿಲಲ್ಲಿ ಮಗುವನ್ನಿಟ್ಟು ಕಿವಿಯಲ್ಲಿ ಮೂರು ಸಲ ಹೇಳಿದ್ದು ಕನ್ನಡದ ‘ವಸುಧಾ’. ಅದರ ಕೊನೆಗೆ ದೀರ್ಘ ಮೊದಲಿನಿಂದಲೂ ಇದೆ! ಆ ದೀರ್ಘವನ್ನು ನುಂಗಿ ಒಂದೇ ಎ ಬರೆದದ್ದು ಶಾಲೆಯ ದಾಖಲೆ ಪುಸ್ತಕ. ಹಾಗಾದರೆ ಶನಿ ಹಿಡಿದದ್ದು ನಮ್ಮ ಹುಡುಗಿಯನ್ನೋ, ಗುಮಾಸ್ತರ ಬರವಣಿಗೆಯನ್ನೋ?

ಆಗಲೇ ಒಂದೆರಡು ಪುಸ್ತಕಗಳನ್ನು ಹುಡುಕಿ ಓದಿದೆ. ಚೀಟಿಯಲ್ಲಿದ್ದ ಲೆಕ್ಕವನ್ನು ಹೆಚ್ಚಾಗಿ ಹಬ್ಬಿಸಿದವನು ಕೀರೋ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಐರ್ಲೆಂಡಿನ ಹಸ್ತಸಾಮುದ್ರಿಕ. 1936ರಲ್ಲಿ ತೀರಿಕೊಂಡ. ಅವನ ಪಟ್ಟಿಯಲ್ಲಿ ಯಾವ ಅಕ್ಷರಕ್ಕೂ ಒಂಬತ್ತನ್ನು ಕೊಟ್ಟಿಲ್ಲ. ಇನ್ನೊಂದು ಪದ್ಧತಿಯೂ ಅಷ್ಟೇ ಪ್ರಸಿದ್ಧ. ಅದರಲ್ಲಿ ಎ ಒಂದು, ಬಿ ಎರಡು ಎಂದು ಐ ಒಂಬತ್ತರವರೆಗೆ ಹೋಗಿ, ಜೆಯಿಂದ ಮತ್ತೆ ಒಂದು. ಅದರ ಪ್ರಕಾರ ನನ್ನ ತಂಗಿಯ ಹೆಸರು ಕೂಡಿದೆ. ನಾಲ್ಕು, ಒಂದು, ಒಂದು, ಮೂರು, ನಾಲ್ಕು, ಎಂಟು, ಒಂದು. 22 ಬಂತು. ಆ ಪುಸ್ತಕದಲ್ಲಿ 22 ಎಂದರೆ ಕೂಡಿ ಕಿರಿದು ಮಾಡಬಾರದಂಥ ಮಹಾಸಂಖ್ಯೆ, ಭಾಗ್ಯವಂತರಿಗೆ ಸಿಗುವಂಥದ್ದು. ಇನ್ನೊಂದು ಎ ಸೇರಿಸಿದರೆ 23 ಆಗಿ ಆ ಭಾಗ್ಯ ಕೈತಪ್ಪುತ್ತದೆ.

ಗೆದ್ದೆ ಎಂಬ ಹುಮ್ಮಸ್ಸಿನಲ್ಲಿ ಹಾಳೆ ಹಿಡಿದು ಅವಳ ಕೋಣೆಗೆ ಹೋದೆ. ಎಲ್ಲವನ್ನೂ ಕೂಡಿಸಿ ತೋರಿಸಿದೆ. ಅವಳು ಕೊನೆಯವರೆಗೂ ಕೇಳಿದಳು. ಆಮೇಲೆ, “ಹಾಗಾದರೆ ಹೆಸರಿನ ದೋಷ ಅಲ್ಲ ಅಂತೀಯಾ? ಮತ್ತೆ ಯಾರದ್ದಕ್ಕಾ? ನನ್ನದೇನಾ?” ಎಂದಳು.

ನಾನು ತೆಪ್ಪಗೆ ನಿಂತೆ. ಆ ಚೀಟಿಯೊಂದು ಮೌಢ್ಯ ಎಂದಷ್ಟೇ ನನಗೆ ಕಂಡಿತ್ತು. ಆದರೆ ಐದು ವರ್ಷ ಅವಳು ಕೇಳಿದ್ದು ಏನನ್ನು? ಗಾಡಿಯ ಮೇಲೆ ಕುಳಿತೆಯಾ, ಪರಂಗಿಹಣ್ಣು ತಿಂದೆಯಾ, ಭಾರ ಎತ್ತಿದೆಯಾ ಎಂದು. ಎಲ್ಲ ಬೆರಳೂ ಅವಳ ಕಡೆಗೇ. ತಪ್ಪು ಅವಳ ಮೈಯಿಂದ ಇಳಿದು ಹೆಸರಿನ ಮೇಲೆ ಕುಳಿತದ್ದು ಆ ಚೀಟಿ ಬಂದ ಮೇಲೆಯೇ. ನಾನು ಲೆಕ್ಕ ಮಾಡಿ ಅದನ್ನು ಮತ್ತೆ ಅವಳ ತಲೆಯ ಮೇಲೆ ಹೊರಿಸಿದ್ದೆ. ಸುಳ್ಳು ಕಸಿದುಕೊಳ್ಳುವವರು ಅದರ ಜಾಗದಲ್ಲಿ ಏನನ್ನಾದರೂ ಇಡಬೇಕೆಂಬುದು ನನಗೆ ಹೊಳೆದೇ ಇರಲಿಲ್ಲ.

ಇಡುವಂಥದ್ದು ಇತ್ತು; ನನಗೆ ಗೊತ್ತಿರಲಿಲ್ಲ, ಅಷ್ಟೇ. ಮುಂದಿನ ವಾರ ಅವಳ ಜೊತೆ ನಾನೇ ವೈದ್ಯೆಯ ಬಳಿ ಹೋದೆ. ಅವರು ಒಂದು ಹಾಳೆಯ ಮೇಲೆ ಚಿತ್ರ ಬರೆದು ಬಿಡಿಸಿ ಹೇಳಿದರು. ಮನುಷ್ಯನ ಜೀವಕೋಶದಲ್ಲಿ ನಲವತ್ತಾರು ವರ್ಣತಂತುಗಳಿರಬೇಕು. ಬೀಜ ಕೂಡುವಾಗ ಆ ಎಣಿಕೆ ಕೆಲವೊಮ್ಮೆ ಒಂದು ಹೆಚ್ಚಾಗುತ್ತದೆ, ಒಂದು ಕಡಿಮೆಯಾಗುತ್ತದೆ. ಮೊದಲ ಮೂರು ತಿಂಗಳಲ್ಲಿ ಹೋಗುವ ಬಸಿರುಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಇದೇ ಕಾರಣವಂತೆ. ಬಹಳಷ್ಟು ಸಲ ಅದು ಆಕಸ್ಮಿಕ, ತಾಯಿ ಮಾಡಿದ್ದರಿಂದಲೋ ಬಿಟ್ಟಿದ್ದರಿಂದಲೋ ಆಗುವುದಲ್ಲ ಎಂದರು. ಹೊರಗೆ ಬಂದು ಆಟೋಗೆ ಕಾಯುವಾಗ ವಸುಧಾ, “ಕೊನೆಗೂ ಲೆಕ್ಕವೇ ತಪ್ಪಿದ್ದು, ಅಲ್ವೇನಕ್ಕಾ?” ಎಂದಳು. ನಗುತ್ತಿದ್ದಳೋ ಅಳುತ್ತಿದ್ದಳೋ, ನಾನು ಮುಖ ನೋಡಲಿಲ್ಲ.

ಆದರೂ ಅವಳು ಆ ಎ ಸೇರಿಸಿಕೊಂಡಳು. ಎರಡು ವರ್ಷಕ್ಕೆ ಮಗಳು ಹುಟ್ಟಿದಳು. ಕೀರ್ತಿ ಯಾರಿಗೆ ಸಂದಿತೆಂದು ಬೇರೆ ಹೇಳಬೇಕೇ? ಎರಡು ಸಲ ಹೋದ ಮೇಲೂ ಮೂರನೆಯದು ನಿಲ್ಲುವ ಹೆಂಗಸರೇ ಹೆಚ್ಚು. ಅವರಲ್ಲಿ ಹೆಸರು ಬದಲಿಸದವರ ಕಥೆಯನ್ನು ಯಾರೂ ಹೇಳುತ್ತ ತಿರುಗುವುದಿಲ್ಲ, ಅಷ್ಟೇ. ಇಷ್ಟರ ಮೇಲೆ ಬ್ಯಾಂಕಿನ ಪುಸ್ತಕದಲ್ಲಿ ಎರಡು ಎ, ಆಧಾರ್‌ನಲ್ಲಿ ಒಂದೇ ಎ. ಎರಡೂ ನಾನೇ ಎಂದು ಪ್ರಮಾಣಪತ್ರ ಮಾಡಿಸಲು ಆ ಶುಭಸಂಖ್ಯೆಯವಳು ಮೂರು ದಿನ ಅಲೆದಳು.

ನನ್ನ ಡಬ್ಬಿಯ ಮಾತಿಗೆ ಬರುತ್ತೇನೆ. ಹಳೆಯ ಶಂಕರಾಭರಣಕ್ಕೆ ‘ಧೀರ’ ಸೇರಿಸಿದ್ದು ಇಪ್ಪತ್ತೊಂಬತ್ತು ಬರಲಿ ಎಂದೇ. ಕಲ್ಯಾಣಿಗೆ ‘ಮೇಚ’ ಅಂಟಿಸಿದ್ದು ಅರವತ್ತೈದಕ್ಕಾಗಿ. ಹಾಗಾದರೆ ವಸುಧಾಳ ಎಯನ್ನು ನಾನು ಆಡಿಕೊಳ್ಳುವುದು ಯಾವ ನ್ಯಾಯ? ಈ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. ರಾಗದ ವಿಷಯದಲ್ಲಿ ಅಂಕೆಯನ್ನು ಇಟ್ಟವರೂ ಇದ್ದರು, ತೆಗೆಯುವ ಬೀಗದಕೈಯನ್ನು ಎಲ್ಲರಿಗೂ ಕೊಟ್ಟರು. ಅದು ಮನೆಯ ನಂಬರಿನ ಹಾಗೆ. ‘ಧೀರ’ ಸೇರಿದ್ದರಿಂದ ಶಂಕರಾಭರಣದ ಒಂದು ಸ್ವರವೂ ಅಲುಗಲಿಲ್ಲ. ಕೇರಳದ ಮೇಲ್ಪತ್ತೂರು ನಾರಾಯಣ ಭಟ್ಟತಿರಿ 1586ರಲ್ಲಿ ‘ನಾರಾಯಣೀಯಂ’ ಮುಗಿಸಿದಾಗ ಕೊನೆಯ ಪದವಾಗಿ ‘ಆಯುರಾರೋಗ್ಯಸೌಖ್ಯಂ’ ಎಂದಿಟ್ಟ. ಕಟಪಯಾದಿಯಲ್ಲಿ ಅದು 17,12,210. ಕಲಿಯುಗದಲ್ಲಿ ಅಲ್ಲಿಯವರೆಗೆ ಕಳೆದ ದಿನಗಳ ಲೆಕ್ಕ. ಹರಕೆಯೂ ಆಯಿತು, ತಾರೀಖೂ ಆಯಿತು. ಅಡಗಿಸಿಟ್ಟದ್ದನ್ನು ಹುಡುಕುವುದು ಬೇರೆ, ಯಾರೂ ಇಡದ ಕಡೆ ಅಗೆದು ಸಿಕ್ಕಿತೆನ್ನುವುದು ಬೇರೆ.

ಇಷ್ಟು ಹೇಳಿ ನೆಮ್ಮದಿಯಾಗಿರೋಣವೆಂದರೆ ‘ಜಯ’ ಅಡ್ಡ ಬರುತ್ತದೆ. ಮಹಾಭಾರತಕ್ಕೆ ಜಯ ಎಂಬ ಹೆಸರುಂಟು, ಕಟಪಯಾದಿಯಲ್ಲಿ ಹದಿನೆಂಟು. ಹದಿನೆಂಟು ಪರ್ವ, ಹದಿನೆಂಟು ದಿನದ ಯುದ್ಧ, ಹದಿನೆಂಟು ಅಕ್ಷೋಹಿಣಿ. ನನ್ನ ಗುರುಗಳು ಇದನ್ನು ಹೇಳುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಆದರೆ ಕಟಪಯಾದಿಗೆ ಸಿಗುವ ಹಳೆಯ ಸಾಕ್ಷ್ಯ ಕ್ರಿ.ಶ. 7ನೆಯ ಶತಮಾನದ್ದು, ಮಹಾಭಾರತ ಅದಕ್ಕಿಂತ ಎಷ್ಟೋ ಹಿಂದಿನದು. ಇಟ್ಟವರು ಯಾರು? ಬಹುಶಃ ಯಾರೂ ಇಲ್ಲ. ಮಕ್ಕಳಿಗೆ ಈಗಲೂ ಹೇಳುತ್ತೇನೆ, ಶತಮಾನದ ಮಾತನ್ನೂ ಸೇರಿಸಿಯೇ. ಚಕ್ರವಾಕದ ಗುಟ್ಟನ್ನೂ ಬಚ್ಚಿಡುವುದಿಲ್ಲ. ಒತ್ತಕ್ಷರದಲ್ಲಿ ಕೊನೆಯ ವ್ಯಂಜನವನ್ನು ಎಣಿಸಬೇಕೆಂಬ ನಿಯಮ ಹಿಡಿದರೆ ಹದಿನಾರರಲ್ಲಿರಬೇಕಾದ ಚಕ್ರವಾಕ ಇಪ್ಪತ್ತಾರಕ್ಕೆ, ಚಾರುಕೇಶಿಯ ಮನೆಗೆ ಹೋಗಿ ಕೂರುತ್ತದೆ.

ಹೋದ ಬೇಸಿಗೆ ರಜೆಯಲ್ಲಿ ತಂಗಿ, ಅವಳ ಮಗಳು ಬಂದಿದ್ದರು. ಹುಡುಗಿಗೆ ಹನ್ನೊಂದು. ಕಟಪಯಾದಿ ಕಲಿತ ದಿನವೇ ಮನೆಯವರ ಹೆಸರನ್ನೆಲ್ಲ ಕೂಡಿಸುತ್ತ ಕುಳಿತಳು. ವ ನಾಲ್ಕು, ಸ ಏಳು, ತಿರುಗಿಸಿದರೆ ಎಪ್ಪತ್ತನಾಲ್ಕು. “ದೊಡ್ಡಮ್ಮಾ, ಇರೋದೇ ಎಪ್ಪತ್ತೆರಡು. ಅಮ್ಮನಿಗೆ ರಾಗವೇ ಇಲ್ಲ!” ಎಂದು ಕೂಗಿದಳು.

“ಇಲ್ಲದಿದ್ದರೆ ಬೇಡ ಬಿಡು” ಎಂದಳು ವಸುಧಾ ಅಡುಗೆಮನೆಯಿಂದ. “ಬಾ ಇಲ್ಲಿ, ಹಾಲು ಉಕ್ಕುತ್ತಾ ನೋಡ್ಕೋ. ನಾನು ಬಟ್ಟೆ ಎತ್ತಿಕೊಂಡು ಬರ್ತೀನಿ.”